ಕೀಲಿ ಒಪ್ಪಿಸುವ ದಿನ

ಕಾನೂನು ಕಾಲೇಜಿಗೆ ಹೊರದೇಶಗಳಿಂದ ಬರುವ ಸಂದರ್ಶಕ ವಿದ್ವಾಂಸರನ್ನು ಸಂಭಾಳಿಸುವುದೆಂದರೆ ಹುಡುಗಾಟವಲ್ಲ. ಒಬ್ಬರಿಗೆ ದಿಂಬು ಎತ್ತರವಾಯಿತು, ಇನ್ನೊಬ್ಬರಿಗೆ ಕಿಟಕಿ ಸದ್ದು ಮಾಡಿತು. ಜಗತ್ತಿಗೆಲ್ಲ ನ್ಯಾಯ ಹೇಳುವ ಘನ ಪಂಡಿತರು ಬಟ್ಟೆ ಒಗೆಯುವ ಯಂತ್ರದ ಮುಂದೆ ನಿಂತು ಕಣ್ಣುಕಣ್ಣು ಬಿಡುತ್ತಾರೆ. ಅವರನ್ನೆಲ್ಲ ಬರಮಾಡಿಕೊಂಡು, ಕೋಣೆ ಕೊಟ್ಟು, ವೀಸಾದ ಕಾಗದ ಮಾಡಿಸಿ, ಜ್ವರ ಬಂದರೆ ಗದರಿಸಿ ಮಾತ್ರೆ ನುಂಗಿಸಿ, ಕೊನೆಗೆ ನಗುನಗುತ್ತ ಕಳಿಸಿಕೊಡುವ ಕೆಲಸ ದೊಡ್ಡಮ್ಮನದು. ಅವಳ ಹುದ್ದೆಗೆ ಮಾರುದ್ದದ ಹೆಸರೊಂದಿತ್ತು. ಆದರೆ ಡೀನ್‌ನಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವಳು ದೊಡ್ಡಮ್ಮನೇ. ಅವಳಿಗಿಂತ ವಯಸ್ಸಾದವರೂ ಹಾಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು.

ಕೀಲಿ ಒಪ್ಪಿಸುವ ಪದ್ಧತಿ ಹುಟ್ಟಿದ್ದು ಅವಳಿಂದಲೇ. ಹಿಂದೊಮ್ಮೆ ಮರೆಗುಳಿ ಪ್ರೊಫೆಸರೊಬ್ಬರು ಕೋಣೆಯ ಕೀಲಿಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ವಿಮಾನ ಹತ್ತಿಬಿಟ್ಟಿದ್ದರು. ಹೊಸ ಅತಿಥಿ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರೆ ದೊಡ್ಡಮ್ಮನಿಗೆ ಮರ್ಯಾದೆ ಹೋದಂತಾಗಿತ್ತು. ಆಮೇಲೆ ಅವಳೊಂದು ಉಪಾಯ ಮಾಡಿದಳು. ಪ್ರತಿಯೊಬ್ಬ ಅತಿಥಿಯೂ ಹೊರಡುವ ಮುಂಚೆ ವಿದಾಯದ ಉಪನ್ಯಾಸ ಕೊಡಬೇಕಿತ್ತಲ್ಲ, ಅದು ಮುಗಿದ ಕೂಡಲೇ ವೇದಿಕೆಯ ಮೇಲೆಯೇ ಕೋಣೆಯ ಕೀಲಿಯನ್ನು ಡೀನ್ ಕೈಗೆ ಒಪ್ಪಿಸಬೇಕು. ಸಭೆ ಚಪ್ಪಾಳೆ ತಟ್ಟಬೇಕು, ಫೋಟೊ ತೆಗೆಯಬೇಕು. ಕೀಲಿ ಕಳೆಯದಿರಲೆಂದು ಮಾಡಿದ ಉಪಾಯ ಬರುಬರುತ್ತ ಕಾಲೇಜಿನ ಸಂಪ್ರದಾಯವೇ ಆಯಿತು. ಸಮಾರಂಭಕ್ಕೆ ಅತಿಥಿಯ ದೇಶದ ರಾಯಭಾರ ಕಚೇರಿಗೂ ಆಹ್ವಾನ ಹೋಗುತ್ತಿತ್ತು. ಅದಕ್ಕೆ ರುಜು ಹಾಕುವುದೂ ದೊಡ್ಡಮ್ಮನೇ. ತಮ್ಮ ದೇಶದವರೊಬ್ಬರು ಬಂದು ಮುಂದಿನ ಸಾಲಿನಲ್ಲಿ ಕೂತರೆ ಅತಿಥಿಯ ಮುಖ ಅರಳುತ್ತದೆ ಎಂದು ಅವಳು ಹೇಳುತ್ತಿದ್ದಳು. ಆ ಮಾತು ಸುಳ್ಳಾದದ್ದೂ ಇರಲಿಲ್ಲ, ನ್ಯಾಯಾಧೀಶೆ ಬರುವವರೆಗೆ.

ನ್ಯಾಯಾಧೀಶೆ ಬಂದದ್ದು ಕೈಯಲ್ಲಿ ಒಂದೇ ಒಂದು ಸಣ್ಣ ಚೀಲ ಹಿಡಿದು. ಐವತ್ತರ ಆಚೀಚಿನ ಹೆಂಗಸು, ಬಾಚಿ ಬಿಗಿದ ಬೂದುಗೂದಲು, ಕಡಿಮೆ ಮಾತು. ತಮ್ಮ ದೇಶದಲ್ಲಿ ಬಹಳ ವರ್ಷ ಪೀಠದಲ್ಲಿ ಕೂತವರು, ಈಗ ರಜೆಯ ಮೇಲೆ ಅಧ್ಯಯನಕ್ಕೆ ಬಂದಿದ್ದಾರೆ ಎಂದಷ್ಟೇ ದೊಡ್ಡಮ್ಮನಿಗೆ ಗೊತ್ತಿದ್ದುದು. ಅತಿಥಿಗೃಹದ ಕೊನೆಯ ಕೋಣೆಯನ್ನು ಅವರೇ ಕೇಳಿ ಪಡೆದರು. ಅದರ ಕಿಟಕಿ ಗೋಡೆಗೆ ಎದುರಾಗಿತ್ತು, ನೋಟವೆಂಬುದೇ ಇರಲಿಲ್ಲ.

"ಎಲ್ಲರೂ ನಿಮ್ಮನ್ನ ದೊಡ್ಡಮ್ಮ ಅಂತಾರೆ. ನಾನೂ ಹಾಗೇ ಅನ್ನಬೇಕಾ?" ಎಂದು ಮೊದಲ ದಿನ ಕೇಳಿದರು.

"ನೀವು ದೊಡ್ಡಮ್ಮ ಅಂದ್ರೆ ನನಗೆ ತೊಂಬತ್ತು ವರ್ಷ ಆದ ಹಾಗಾಗುತ್ತೆ ಮೇಡಂ. ಅಕ್ಕ ಅನ್ನಿ, ಸಾಕು."

ಅಂದಿನಿಂದ ಅವರು ಅಕ್ಕ ಎಂದೇ ಕರೆದರು. ಅವರು ಹೆಚ್ಚು ನಗುವವರಲ್ಲ. ಆದರೆ ಆ ಒಂದು ಪದ ಹೇಳುವಾಗ ಮಾತ್ರ ತುಟಿಯ ತುದಿ ಸ್ವಲ್ಪ ಮೇಲೇಳುತ್ತಿತ್ತು. ದೊಡ್ಡಮ್ಮನಿಗೆ ಅಷ್ಟು ಸಾಕಿತ್ತು. ಸಂಜೆ ಕೆಲಸ ಮುಗಿಸಿ ಹೊರಡುವ ಮೊದಲು ಕೊನೆಯ ಕೋಣೆಗೆ ಹೋಗಿ ಒಂದು ಲೋಟ ಚಹಾ ಕುಡಿದು ಬರುವುದು ರೂಢಿಯಾಯಿತು. ಇಬ್ಬರೂ ಮಂಡಿನೋವಿನ ಬಗ್ಗೆ, ಕನ್ನಡಕದ ಬಗ್ಗೆ, ಹೊಸ ಚಪ್ಪಲಿ ಕಚ್ಚುವುದರ ಬಗ್ಗೆ ಮಾತಾಡುತ್ತಿದ್ದರು. ಕಾನೂನಿನ ಮಾತು ಒಮ್ಮೆಯೂ ಬರಲಿಲ್ಲ.

ದೊಡ್ಡಮ್ಮನ ಗಂಡ ಎಲೆಕ್ಟ್ರಿಷಿಯನ್. ಅತಿಥಿಗೃಹದಲ್ಲಿ ಏನು ಕೆಟ್ಟರೂ ಅವನಿಗೇ ಕರೆ ಬರುತ್ತಿತ್ತು. ಕೊನೆಯ ಕೋಣೆಯ ಹೀಟರ್ ರಿಪೇರಿ ಮಾಡಿ ಬಂದ ದಿನ ಊಟಕ್ಕೆ ಕೂತವನು ಅನ್ನ ಕಲಸುತ್ತ ಸುಮ್ಮನೆ ಕೂತುಬಿಟ್ಟ.

"ಏನ್ರೀ, ಉಪ್ಪು ಜಾಸ್ತಿ ಆಯ್ತಾ?"

"ಉಪ್ಪಲ್ಲ ಕಣೇ. ಆ ಮೇಡಂ ಕೋಣೇಲಿ ನೆಲ ನೋಡಿದ್ಯಾ? ಬೀರು ಇರೋ ಜಾಗದಿಂದ ಬಾಗಿಲ ತನಕ ಗೀರು ಬಿದ್ದಿದೆ. ದಿನಾ ಮಲಗೋವಾಗ ಬೀರು ಎಳ್ಕೊಂಡು ಹೋಗಿ ಬಾಗಿಲಿಗೆ ಅಡ್ಡ ಇಟ್ಕೋತಾರೆ. ಬಾಗಿಲಿಗೆ ಒಂದು ಸರಪಣಿ ಹಾಕ್ಕೊಡಿ ಅಂದ್ರು, ಹಾಕ್ಕೊಟ್ಟು ಬಂದೆ."

"ಒಂಟಿ ಹೆಂಗಸು, ಹೊಸ ಜಾಗ. ಭಯ ಇರೋದೇ."

"ಇದು ಕಳ್ಳರ ಭಯ ಅಲ್ಲ ಕಣೇ," ಎಂದ ಗಂಡ. ದೊಡ್ಡಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅತಿಥಿಗಳ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಈ ತಂತಿ ಎಳೆಯುವವನಿಗೆ ಏನು ಗೊತ್ತು ಎಂಬ ಜಂಬ ಅವಳಿಗಿತ್ತು.

ಅವಳಿಗಿದ್ದ ಚಿಂತೆಯೇ ಬೇರೆ. ನ್ಯಾಯಾಧೀಶೆಯವರ ಉಪನ್ಯಾಸಕ್ಕೆ ದಿನ ಗೊತ್ತಾಗಿರಲಿಲ್ಲ. ಕೇಳಿದಾಗಲೆಲ್ಲ "ಇನ್ನೂ ಸಿದ್ಧವಾಗಿಲ್ಲ ಅಕ್ಕ" ಎಂಬ ಒಂದೇ ಉತ್ತರ. ಅವಧಿ ಮುಗಿಯುತ್ತ ಬಂದಾಗ ಅವರೇ ಕೇಳಿ ಒಮ್ಮೆ ಮುಂದುವರಿಸಿಕೊಂಡಿದ್ದರು. ಉಪನ್ಯಾಸ ಬಾಕಿ ಇರುವವರೆಗೆ ಅತಿಥಿಯ ಕೆಲಸ ಅಪೂರ್ಣ, ಅಲ್ಲಿಯವರೆಗೆ ಅವಧಿ ಮುಂದುವರಿಸಬಹುದು ಎಂದು ಕಾಲೇಜಿನ ನಿಯಮದಲ್ಲಿತ್ತು. ಅದನ್ನು ಅಷ್ಟು ಕಣ್ಣಿಟ್ಟು ಓದಿದವರು ಅವರೊಬ್ಬರೇ. ಡೀನ್ ಎರಡು ಸಲ ಹುಬ್ಬೇರಿಸಿದ್ದ. ಪ್ರೊಫೆಸರುಗಳ ಕೋಣೆಯಲ್ಲಿ "ಆ ಮೇಡಂ ಬರೀ ನಿದ್ದೆ ಮಾಡೋಕೆ ಬಂದಿದ್ದಾರೇನೋ" ಎಂದು ಯಾರೋ ನಕ್ಕದ್ದು ದೊಡ್ಡಮ್ಮನ ಕಿವಿಗೆ ಬಿದ್ದು ಅವಳ ಮೈಯೆಲ್ಲ ಉರಿಯಿತು. ಅವಳ ಅತಿಥಿಯನ್ನು ಯಾರಾದರೂ ಆಡಿಕೊಳ್ಳುವುದೆಂದರೇನು!

ಸಭಾಕಂಪವಿರಬೇಕು ಪಾಪ, ಎಂದುಕೊಂಡಳು. ಪೀಠದಲ್ಲಿ ಕೂತು ತೀರ್ಪು ಹೇಳುವುದು ಬೇರೆ, ನಿಂತು ಮಾತಾಡುವುದು ಬೇರೆ. ಇಂಥವರನ್ನು ಕೇಳುತ್ತ ಕೂರಬಾರದು, ನೀರಿಗೆ ತಳ್ಳಬೇಕು, ತಾವಾಗಿಯೇ ಈಜುತ್ತಾರೆ. ಹಾಗೆಂದು ಅವಳು ದೊಡ್ಡ ಸಭಾಂಗಣವನ್ನೇ ಗೊತ್ತುಮಾಡಿದಳು. ಭಿತ್ತಿಪತ್ರ ಅಚ್ಚು ಹಾಕಿಸಿದಳು. ಆಹ್ವಾನಗಳಿಗೆ ರುಜು ಹಾಕಿದಳು. ರಾಯಭಾರ ಕಚೇರಿಯದಕ್ಕೆ ಎಂದಿನಂತೆ ಕೈಬರಹದಲ್ಲಿ ಒಂದು ಸಾಲು ಸೇರಿಸಿದಳು: ನೀವು ಬಂದರೆ ನಮ್ಮ ಅತಿಥಿಗೆ ತವರಿನವರು ಬಂದಷ್ಟು ಸಂತೋಷವಾದೀತು.

ಮಾರನೆಯ ಸಂಜೆ ಭಿತ್ತಿಪತ್ರವನ್ನು ಸುರುಳಿ ಸುತ್ತಿಕೊಂಡು ಕೊನೆಯ ಕೋಣೆಗೆ ಹೋದಳು. ಮೇಜಿನ ಮೇಲೆ ಬಿಡಿಸಿಟ್ಟು, ಮಗುವಿನ ಮುಂದೆ ಗೊಂಬೆ ಇಟ್ಟವಳಂತೆ ಮುಖ ನೋಡುತ್ತ ನಿಂತಳು.

ನ್ಯಾಯಾಧೀಶೆ ತಮ್ಮ ಹೆಸರನ್ನು ನೋಡಿದರು, ದಿನಾಂಕವನ್ನು ನೋಡಿದರು. ನಿಧಾನವಾಗಿ ಮಂಚದ ಮೇಲೆ ಕೂತರು.

"ಇದನ್ನ ಎಲ್ಲೆಲ್ಲಿಗೆ ಕಳಿಸಿದ್ದೀರಿ ಅಕ್ಕ?"

"ಎಲ್ಲ ಕಡೆಗೂ. ನಿಮ್ಮ ರಾಯಭಾರ ಕಚೇರಿಗೂ. ನಿನ್ನೇನೇ ತಲುಪಿದೆ."

ಅವರು ಬೈಯಲಿಲ್ಲ. ಬೈದಿದ್ದರೆ ದೊಡ್ಡಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ತೀರ್ಪು ಓದುವ ದನಿಯಲ್ಲಿ ಒಂದೊಂದಾಗಿ ಹೇಳಿದರು. ಅವರ ದೇಶದಲ್ಲಿ ಒಬ್ಬ ಹುಡುಗ ಪೊಲೀಸ್ ಲಾಕಪ್ಪಿನಲ್ಲಿ ಸತ್ತಿದ್ದ. ಬಸ್ಸಿನಲ್ಲಿ ಟಿಕೆಟ್ ಹರಿಯುವ ಕೆಲಸದವನು. ಹೊಡೆದು ಕೊಂದವರಿಗೆ ಇವರು ಶಿಕ್ಷೆ ಕೊಟ್ಟಿದ್ದರು. ಕೊಂದವರ ಸಾಹೇಬ ಈಗ ಆ ದೇಶದ ಮಂತ್ರಿ. ಆ ಕೇಸಿನಲ್ಲಿ ಸಾಕ್ಷಿ ಹೇಳಿದ ವೈದ್ಯ ಇಂದಿಗೂ ಪತ್ತೆಯಿಲ್ಲ. ಇವರು ತಂಗಿಯ ಮನೆಗೆ ಹೋಗುತ್ತೇನೆಂದು ಹೇಳಿ ಹೊರಟವರು ಇಲ್ಲಿಗೆ ಬಂದಿದ್ದರು. ಇಲ್ಲಿರುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಇಲ್ಲಿ ಆಶ್ರಯ ಕೊಡಿ ಅಂತ ಅರ್ಜಿ ಹಾಕಿದ್ದೀನಿ. ವಿಚಾರಣೆ ಮುಂದಿನ ತಿಂಗಳು. ಅಲ್ಲೀತನಕ ನನ್ನ ಹತ್ರ ಊರ್ಜಿತದಲ್ಲಿರೋ ವೀಸಾ ಇರಬೇಕು. ವೀಸಾ ನಿಂತಿರೋದು ಈ ಕಾಲೇಜಿನ ಮೇಲೆ. ಉಪನ್ಯಾಸ ಆಗದೇ ಇದ್ರೆ ನಾನು ಅತಿಥಿ. ಆಗಿಬಿಟ್ರೆ ಯಾರೂ ಅಲ್ಲ. ಅದಕ್ಕೇ ತಳ್ತಾ ಬಂದೆ."

"ನನಗೊಂದು ಮಾತು ಹೇಳಬಾರದಿತ್ತಾ?" ಎಂದಳು ದೊಡ್ಡಮ್ಮ. "ಒಂದೇ ಒಂದು ಮಾತು?"

"ನಿಮಗೆ ಗೊತ್ತಿದ್ರೆ ನಾಳೆ ನಿಮ್ಮನ್ನೂ ಕೇಳ್ತಾರೆ. ಗೊತ್ತಿಲ್ಲದವರನ್ನ ಯಾರೂ ಏನೂ ಮಾಡೋಕಾಗಲ್ಲ ಅಂದ್ಕೊಂಡಿದ್ದೆ."

ದೊಡ್ಡಮ್ಮ ಭಿತ್ತಿಪತ್ರವನ್ನು ಪರಪರ ಹರಿದಳು. ಅದರಿಂದ ಏನಾಗಬೇಕಿತ್ತು, ಗೋಡೆಗೋಡೆಯ ಮೇಲೂ ಅದೇ ಇತ್ತು. ಅಲ್ಲಿಂದ ಹೊರಟವಳು ನೇರ ಡೀನ್ ಕೋಣೆಗೆ ನುಗ್ಗಿದಳು.

ಡೀನ್ ಕೆಟ್ಟವನೇನಲ್ಲ. ನೆಲೆ ಕಳೆದುಕೊಂಡವರ ಹಕ್ಕುಗಳ ಬಗ್ಗೆ ದಿಂಬಿನಷ್ಟು ದಪ್ಪದ ಪುಸ್ತಕ ಬರೆದವನು. ಅದು ಅವನ ಬೆನ್ನ ಹಿಂದೆಯೇ, ಬಂದವರಿಗೆಲ್ಲ ಕಾಣುವಂತೆ, ಕಪಾಟಿನಲ್ಲಿ ನಿಂತಿತ್ತು. ದೊಡ್ಡಮ್ಮ ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದ. ಅವಳು ಮುಗಿಸಿದ ಮೇಲೆ ಕನ್ನಡಕ ತೆಗೆದು ಒರೆಸತೊಡಗಿದ. ಅವನು ಕನ್ನಡಕ ಒರೆಸಿದನೆಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

"ರಾಯಭಾರ ಕಚೇರಿಯಿಂದ ಮಧ್ಯಾಹ್ನವೇ ಫೋನ್ ಬಂದಿತ್ತು ದೊಡ್ಡಮ್ಮ. ಅವರ ಪಾಸ್‌ಪೋರ್ಟ್ ರದ್ದಾಗಿದೆಯಂತೆ. ವಲಸೆ ಇಲಾಖೆಗೂ ತಿಳಿಸಿದ್ದಾರಂತೆ."

"ಹಾಗಂತ ಬಿಟ್ಟುಬಿಡೋಕಾಗುತ್ತಾ ಸಾರ್? ಸಮಾರಂಭ ಮುಂದಕ್ಕೆ ಹಾಕಿ. ಮೇಡಂಗೆ ಜ್ವರ ಅಂತ ಹೇಳೋಣ. ನನಗೇ ಜ್ವರ ಅಂತ ಹೇಳಿ! ಇನ್ನೂ ಅವರು ನಮ್ಮ ಅತಿಥಿ ಅಂತ ಒಂದು ಪತ್ರ ಕೊಡಿ, ಸಾಕು. ವಿಚಾರಣೆ ಆಗೋ ತನಕ."

"ಗೊತ್ತಿಲ್ಲದೆ ಕೊಟ್ಟಿದ್ರೆ ಅದು ಬೇರೆ. ಈಗ ಗೊತ್ತಾಯ್ತಲ್ಲ. ಕಾನೂನು ಕಲಿಸೋ ನಾವೇ ಸಂದಿಯಲ್ಲಿ ನುಸುಳಿದ್ರೆ ಹೇಗೆ? ಉಪನ್ಯಾಸ ಕೊಡಲಿ, ಬಿಡಲಿ, ಆ ದಿನಕ್ಕೆ ಅವಧಿ ಮುಗೀತು ಅಂತ ನಾನು ಬರೀಲೇಬೇಕು. ವೈಯಕ್ತಿಕವಾಗಿ ನನಗೂ ತುಂಬಾ ಬೇಜಾರಿದೆ."

"ನಿಮ್ಮ ಬೇಜಾರು ಇಟ್ಕೊಂಡು ಅವರೇನು ಮಾಡ್ಬೇಕು ಸಾರ್?"

ಇಷ್ಟು ವರ್ಷಗಳಲ್ಲಿ ಅವಳು ಡೀನ್ ಎದುರು ದನಿ ಏರಿಸಿದ್ದು ಅದೇ ಮೊದಲು. ಅವನು ಕನ್ನಡಕ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದ. ಹೀಗೆ ನಯವಾಗಿ ಕೈ ತೊಳೆದುಕೊಳ್ಳುವುದನ್ನು ಎಲ್ಲಿ ಕಲಿಸುತ್ತಾರೋ!

ಮನೆಗೆ ಹೋಗಿ ಗಂಡನ ಮುಂದೆ ಕೂತು ಹೋ ಎಂದು ಅತ್ತಳು. ಗಂಡ ಪೂರ್ತಿ ಕೇಳಿದ. ನಾನು ಅವತ್ತೇ ಹೇಳಿದ್ದೆ ಎನ್ನಲಿಲ್ಲ. ಆ ಒಂದು ಉಪಕಾರವನ್ನು ಅವಳು ಸಾಯುವವರೆಗೆ ಮರೆಯುವಂತಿರಲಿಲ್ಲ.

"ಇಲ್ಲಿಗೆ ಕರ್ಕೊಂಡು ಬಾ," ಎಂದ. "ನಮ್ಮ ಹಿಂದಿನ ಕೋಣೇಲಿ ಇರಲಿ. ವೈರು, ಪೈಪು ಎಲ್ಲ ನಾನು ಹೊರಗೆ ಹಾಕ್ತೀನಿ. ಒಂದು ತಿಂಗಳ ಮಾತು ತಾನೇ."

ಅಂದೇ ಕೋಣೆ ಖಾಲಿ ಮಾಡಿ, ನೆಲ ಒರೆಸಿ, ಹಾಸಿಗೆ ಹಾಕಿಟ್ಟ. ಮರುದಿನ ದೊಡ್ಡಮ್ಮ ಆ ಸುದ್ದಿ ತೆಗೆದುಕೊಂಡು ಓಡಿದಳು. ನ್ಯಾಯಾಧೀಶೆ ಅವಳ ಎರಡೂ ಕೈ ಹಿಡಿದುಕೊಂಡರು.

"ಅಕ್ಕ, ಹಿಂದೆ ಒಬ್ಬಳು ಹೆಂಗಸು ನನ್ನ ಮುಂದೆ ಬಂದಿದ್ಲು. ಪೊಲೀಸರು ಹುಡುಕ್ತಿದ್ದ ಮೈದುನನ್ನ ಅಟ್ಟದ ಮೇಲೆ ಬಚ್ಚಿಟ್ಟಿದ್ಲು. ಅವಳಿಗೆ ನಾನು ಶಿಕ್ಷೆ ಕೊಟ್ಟೆ. ಕಾನೂನಿನಲ್ಲಿ ಬೇರೆ ದಾರಿ ಇರಲಿಲ್ಲ. ಜೈಲಿಂದ ಬರೋವಾಗ ಅವಳ ಮಕ್ಕಳಿಗೆ ಅವಳ ಗುರುತೇ ಸಿಗಲಿಲ್ಲವಂತೆ. ನಿಮ್ಮನ್ನ ಆ ಕಟಕಟೆಯಲ್ಲಿ ನಿಲ್ಲಿಸಿ ನಾನು ಬದುಕಲ್ಲ."

"ನಾನು ಮಾಡಿದ ತಪ್ಪಿಗೆ ನಾನು ನಿಲ್ತೀನಿ ಮೇಡಂ."

"ನಿಮ್ಮದು ತಪ್ಪಲ್ಲ, ಸಡಗರ," ಎಂದರು ಅವರು. ಆಮೇಲೆ ಸ್ವಲ್ಪ ಹೊತ್ತು ಗೋಡೆಗೆ ಎದುರಾದ ಆ ಕಿಟಕಿಯನ್ನೇ ನೋಡಿದರು. "ಹೇಗಿದ್ರೂ ಮುಗೀತಲ್ಲ. ಹಾಗಾದ್ರೆ ಮಾತಾಡಿಯೇ ಹೋಗ್ತೀನಿ."

ಉಪನ್ಯಾಸದ ದಿನ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ರಾಯಭಾರ ಕಚೇರಿಯ ಇಬ್ಬರು ಬಂದು ಕೂತಿದ್ದರು. ಇಸ್ತ್ರಿ ಮಾಡಿದ ಬಟ್ಟೆ, ಒಳ್ಳೆಯ ನಡತೆ, ಮೆಲುದನಿ. ಒಬ್ಬ ದೊಡ್ಡಮ್ಮನಿಗೆ ಕೈಮುಗಿದು "ಆಹ್ವಾನ ಕಳಿಸಿದ್ದು ನೀವೇ ಅಲ್ಲವೇ? ಬಹಳ ಉಪಕಾರವಾಯಿತು" ಎಂದ. ಅವಳು ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು.

ನ್ಯಾಯಾಧೀಶೆ ಉಪನ್ಯಾಸ ಬರೆದುಕೊಂಡು ಬಂದಿರಲಿಲ್ಲ. ತಮ್ಮ ತೀರ್ಪನ್ನೇ ತಂದಿದ್ದರು. ಮೊದಲ ಸಾಲಿನಿಂದ ಓದಿದರು: ಆ ಹುಡುಗನ ಹೆಸರು, ಅವನ ತಾಯಿಯ ಹೆಸರು, ಅವನನ್ನು ಹಿಡಿದುಕೊಂಡು ಹೋದಾಗ ಅವನು ತೊಟ್ಟಿದ್ದ ಅಂಗಿಯ ಬಣ್ಣ, ಯಾವ ಯಾವ ಎಲುಬು ಮುರಿದಿತ್ತು, ಹೊಡೆದವರು ಯಾರು, ಬಾಗಿಲಲ್ಲಿ ನಿಂತು ನೋಡಿದವರು ಯಾರು. ದನಿ ಎಲ್ಲೂ ನಡುಗಲಿಲ್ಲ. ಸಭಾಕಂಪವಂತೆ! ದೊಡ್ಡಮ್ಮ ತನ್ನ ಮೂರ್ಖತನಕ್ಕೆ ತಾನೇ ತುಟಿ ಕಚ್ಚಿಕೊಂಡಳು. ಹಿಂದಿನ ಸಾಲಿನ ವಿದ್ಯಾರ್ಥಿಗಳು ಬರೆದುಕೊಳ್ಳುವುದನ್ನು ನಿಲ್ಲಿಸಿ ತಲೆಯೆತ್ತಿ ಕೂತಿದ್ದರು. ಮುಂದಿನ ಸಾಲಿನ ಇಬ್ಬರು ಮಾತ್ರ ಮುಗುಳ್ನಗೆ ಬಿಡದೆ ಕೇಳಿದರು.

ಓದಿ ಮುಗಿಸಿದ ಮೇಲೆ ಅವರು ಜೇಬಿನಿಂದ ಕೀಲಿ ತೆಗೆದರು. ಡೀನ್ ಕೈ ಚಾಚಿದ. ಒಂದು ಕ್ಷಣ ದೊಡ್ಡಮ್ಮನಿಗೆ, ಕೊಡಬೇಡಿ ಎಂದು ಕೂಗಿಬಿಡಬೇಕೆನ್ನಿಸಿತು. ಕೂಗಿದರೆ ಏನೂ ಆಗುತ್ತಿರಲಿಲ್ಲ, ಆದರೂ ಕೂಗಬೇಕಿತ್ತು. ಕೂಗಲಿಲ್ಲ. ಕೀಲಿ ಕೈ ಬದಲಾಯಿಸಿತು, ಫೋಟೊದ ಬೆಳಕು ಮಿಂಚಿತು, ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಇಬ್ಬರೂ ಎದ್ದು ನಿಂತು ತಟ್ಟಿದರು. ಡೀನ್ ವೇದಿಕೆಯಿಂದ ಇಳಿದು, ಬಿಸಿ ಕೆಂಡ ದಾಟಿಸುವವನಂತೆ, ಕೀಲಿಯನ್ನು ದೊಡ್ಡಮ್ಮನ ಅಂಗೈಗೆ ಹಾಕಿ ಹೋದ. ಆ ಒಂದು ರಾತ್ರಿ ಕೊನೆಯ ಕೋಣೆಯಲ್ಲೇ ಮಲಗಲು ನ್ಯಾಯಾಧೀಶೆಗೆ ಅನುಮತಿಯಿತ್ತು.

ಬೆಳಿಗ್ಗೆ ವಲಸೆ ಇಲಾಖೆಯ ಅಧಿಕಾರಿಯೊಬ್ಬ ಪೊಲೀಸಿನವಳೊಬ್ಬಳನ್ನು ಕರೆದುಕೊಂಡು ಬಂದ. ಅತಿಥಿಗೃಹದ ಹೊಣೆ ದೊಡ್ಡಮ್ಮನದಾದ್ದರಿಂದ ಅವಳೇ ದಾರಿ ತೋರಿಸಬೇಕಾಯಿತು. ಕೊನೆಯ ಕೋಣೆಯ ಬಾಗಿಲು ತಟ್ಟಿದರು. ಒಳಗಿನಿಂದ ಸದ್ದಿಲ್ಲ.

"ನಿಮ್ಮ ಹತ್ರ ಕೀಲಿ ಇದೆಯಲ್ಲ? ತೆಗೀರಿ," ಎಂದ ಅಧಿಕಾರಿ.

ಕೀಲಿ ಅವಳ ಮುಷ್ಟಿಯಲ್ಲೇ ಇತ್ತು.

"ತೆಗೆಯಲ್ಲ," ಎಂದಳು ದೊಡ್ಡಮ್ಮ.

"ಅಮ್ಮಾ, ಸುಮ್ನೆ ನಮ್ಮ ಕೆಲಸಕ್ಕೆ ಅಡ್ಡ ಬರಬೇಡಿ. ನಿಮಗೇ ತೊಂದರೆ."

"ಬರಲಿ ತೊಂದರೆ. ನನ್ನ ಅತಿಥಿ ಒಳಗಿರೋವಾಗ ನಾನು ಹೊರಗಿಂದ ಬಾಗಿಲು ತೆಗೆದವಳಲ್ಲ. ಇವತ್ತೂ ತೆಗೆಯಲ್ಲ."

ಪೊಲೀಸಿನವಳು ಅವಳ ಮಣಿಕಟ್ಟು ಹಿಡಿದಳು. ಅಷ್ಟರಲ್ಲಿ ಒಳಗಿನಿಂದ ದನಿ ಬಂತು. "ಬೇಡ ಅಕ್ಕ. ನಾನೇ ತೆಗೀತಾ ಇದ್ದೀನಿ."

ಆಮೇಲೆ ಬೀರು ಎಳೆಯುವ ಸದ್ದು ಕೇಳಿಸಿತು. ಗಂಡ ಹೇಳಿದಾಗ ಗಾಳಿಗೆ ತೂರಿದ್ದ ಮಾತನ್ನು ದೊಡ್ಡಮ್ಮ ಆಗ ಕಿವಿಯಾರೆ ಕೇಳಿದಳು. ಭಾರದ ಬೀರು, ಒಂಟಿ ಹೆಂಗಸು. ಸ್ವಲ್ಪ ಎಳೆದು, ನಿಂತು, ಉಸಿರು ತೆಗೆದುಕೊಂಡು, ಮತ್ತೆ ಎಳೆಯುತ್ತಿದ್ದರು. ಹೊರಗಿದ್ದ ಮೂವರೂ ಕಾದರು. ಕೊನೆಗೆ ಸರಪಣಿ ಕಳಚಿದ ಸದ್ದಾಯಿತು. ನ್ಯಾಯಾಧೀಶೆ ಅದೇ ಸಣ್ಣ ಚೀಲ ಹಿಡಿದು ನಿಂತಿದ್ದರು. ತಲೆ ಬಾಚಿ ಬಿಗಿದಿತ್ತು.

"ಬೀರು ಅದರ ಜಾಗದಲ್ಲೇ ಇಟ್ಟಿದ್ದೀನಿ ಅಕ್ಕ," ಎಂದರು. "ಅಲ್ಲಿ ತಲುಪಿದ ಕೂಡಲೇ ಫೋನ್ ಮಾಡ್ತೀನಿ."

ದೊಡ್ಡಮ್ಮ ಅವರನ್ನು ತಬ್ಬಿಕೊಂಡಳು. ಪೊಲೀಸಿನವಳು ಬಿಡಿಸುವವರೆಗೆ ಬಿಡಲಿಲ್ಲ.

ಫೋನ್ ಬರಲಿಲ್ಲ. ದೊಡ್ಡಮ್ಮನ ಗಂಡ ಕೆಲಸಕ್ಕೆ ಏಣಿ ಹತ್ತಿದಾಗಲೂ ಹೆಂಡತಿಯ ಫೋನನ್ನು ಎದೆಯ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದ. ಅವಳಿಗೆ ಅದನ್ನು ನೋಡುತ್ತ ಕೂರುವ ಧೈರ್ಯವಿರಲಿಲ್ಲ. ಹಿಂದಿನ ಕೋಣೆಯ ಹಾಸಿಗೆಯನ್ನು ಇಬ್ಬರಲ್ಲಿ ಯಾರೂ ಸುತ್ತಿಡಲಿಲ್ಲ. ಕಾಲೇಜಿಗೆ ಮಾತ್ರ ರಾಯಭಾರ ಕಚೇರಿಯಿಂದ ದೊಡ್ಡಮ್ಮನ ಹೆಸರಿಗೇ ಒಂದು ಹೂವಿನ ಬುಟ್ಟಿ ಬಂತು. ನಮ್ಮವರನ್ನು ಮನೆಯವರಂತೆ ನೋಡಿಕೊಂಡದ್ದಕ್ಕೆ ಕೃತಜ್ಞತೆಗಳು ಎಂದು ಅದರ ಚೀಟಿಯಲ್ಲಿತ್ತು. ಅವಳು ಬುಟ್ಟಿಯನ್ನು ಎತ್ತಿಕೊಂಡು ಹೋಗಿ ಡೀನ್ ಮೇಜಿನ ಮೇಲೆ, ಅವನ ದಪ್ಪ ಪುಸ್ತಕದ ಎದುರಿಗೆ ಇಟ್ಟುಬಂದಳು. ಅವನು ತಲೆ ಎತ್ತಲಿಲ್ಲ.

ಆ ವಾರವೇ ಹೊಸ ಅತಿಥಿ ಬಂದ. ಕಡಲಿನ ಕಾನೂನು ಓದಿಕೊಂಡ ತರುಣ, ಎರಡು ದೊಡ್ಡ ಪೆಟ್ಟಿಗೆ, ಬಾಯಿತುಂಬ ಮಾತು. ಕೊನೆಯ ಕೋಣೆಯೇ ಖಾಲಿಯಿತ್ತು. ಒಳಗೆ ಕಾಲಿಟ್ಟವನು ನೆಲ ನೋಡಿ ನಕ್ಕ.

"ಇಲ್ಲೇನು, ಯಾರೋ ದಿನಾ ಬೀರು ಎಳೆದಾಡ್ತಿದ್ರಾ?"

"ಹೌದು," ಎಂದಳು ದೊಡ್ಡಮ್ಮ.

ಅವನು ಇನ್ನಷ್ಟು ಕೇಳುವವನಿದ್ದ, ಅವಳ ಮುಖ ನೋಡಿ ಬಿಟ್ಟ. ಕೀಲಿ ತೆಗೆದುಕೊಳ್ಳುತ್ತ, ತನ್ನ ವಿದಾಯದ ಉಪನ್ಯಾಸಕ್ಕೆ ಈಗಲೇ ದಿನ ಗೊತ್ತುಮಾಡಿಬಿಡೋಣ, ತಾನು ಸಿದ್ಧವಾಗಿಯೇ ಬಂದಿದ್ದೇನೆ ಎಂದ. ಮೊದಲಾಗಿದ್ದರೆ ಇಂಥ ಅತಿಥಿಯನ್ನು ದೊಡ್ಡಮ್ಮ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದಳು. ಈಗ ಬಾಗಿಲಿನ ಸರಪಣಿಯನ್ನೇ ನೋಡುತ್ತ ನಿಂತಳು. ಆಮೇಲೆ, ಇಷ್ಟು ವರ್ಷಗಳಲ್ಲಿ ಯಾವ ಅತಿಥಿಯನ್ನೂ ಕೇಳದ ಪ್ರಶ್ನೆಯನ್ನು ಕೇಳಿದಳು.

"ನಿಮ್ಮ ರಾಯಭಾರ ಕಚೇರಿಗೆ ಆಹ್ವಾನ ಕಳಿಸಬಹುದಾ?"

"ಅಯ್ಯೋ, ಧಾರಾಳವಾಗಿ ಕಳಿಸಿ. ಅದರಲ್ಲಿ ಕೇಳೋದೇನಿದೆ?"

"ಕೇಳ್ಬೇಕು," ಎಂದಳು ದೊಡ್ಡಮ್ಮ. "ಕೇಳ್ಬೇಕಿತ್ತು."